ಗೂಡು ಮೊದಲೋ, ಫ್ರಿಜ್ ಮೊದಲೋ?

ಪ್ರಶ್ನೆ: ತುಮಕೂರಿನ ಎಸ್.ಎಸ್. ಪುರಂನಲ್ಲಿರುವ ನಮ್ಮ ಹಳೆಯ ಮನೆಯ ಅಡುಗೆಮನೆಯನ್ನು ಈಗ ಹೊಸದಾಗಿ ಮಾಡಿಸುತ್ತಿದ್ದೇವೆ. ಅತ್ತೆ ಮಾವ ಸೇರಿ ಮನೆಯಲ್ಲಿ ಆರು ಜನರಿದ್ದೇವೆ. ಅಡುಗೆ ಕಟ್ಟೆ ಮುಗಿಯುವಲ್ಲಿ ಗೋಡೆಗೆ ತಾಗಿದಂತೆ ಸರಿಯಾಗಿ ಮೂರು ಅಡಿ ಅಗಲದ ಜಾಗ ಉಳಿಯುತ್ತದೆ. ಕಪಾಟುಗಳ ಸಾಲಿನಲ್ಲೇ ಸೇರಿಹೋಗುವಂತಹ ಬಿಲ್ಟ್-ಇನ್ ಫ್ರೆಂಚ್ ಡೋರ್ ಫ್ರಿಜ್ (ಮೇಲೆ ಅರ್ಧರ್ಧ ಅಗಲದ ಎರಡು ಕದ, ಕೆಳಗೆ ಫ್ರೀಜರ್ ಇರುವಂಥದ್ದು) ಅಲ್ಲಿ ಕೂರಬೇಕೆಂಬುದು ನನ್ನ ಆಸೆ. 'ಫ್ರಿಜ್ ಆಮೇಲೆ ಯಾವುದಾದರೂ ತನ್ನಿ, ಗೂಡನ್ನು ಈಗಲೇ ಮಾಡಿಬಿಡುತ್ತೇನೆ' ಎಂದು ಕಾರ್ಪೆಂಟರ್ ಅವಸರ ಮಾಡುತ್ತಿದ್ದಾರೆ. ಅತ್ತೆಯವರಿಗೆ ಮಂಡಿನೋವು, ಬಗ್ಗಲು ಆಗುವುದಿಲ್ಲ. ಏನನ್ನು ನೋಡಿ ಆರಿಸಬೇಕು?
– ಓದುಗರೊಬ್ಬರು, ತುಮಕೂರು

ಉತ್ತರ: ಮೊದಲು ಕಾರ್ಪೆಂಟರನ್ನು ಒಂದು ವಾರ ತಡೆಯಿರಿ. ಫ್ರಿಜ್ಜಿನ ಮಾದರಿ ಗೊತ್ತಾಗುವ ಮೊದಲೇ ಗೂಡು ಕಟ್ಟುವುದೆಂದರೆ ಪಾದದ ಅಳತೆ ತೆಗೆದುಕೊಳ್ಳದೆ ಚಪ್ಪಲಿ ಹೊಲಿದಂತೆ.

ಅಂಗಡಿಗಳಲ್ಲಿ ಎರಡು ಬೇರೆ ಬೇರೆ ವಸ್ತುಗಳನ್ನು 'ಬಿಲ್ಟ್-ಇನ್' ಎಂಬ ಒಂದೇ ಹೆಸರಿನಲ್ಲಿ ತೋರಿಸುತ್ತಾರೆ. ನಿಜವಾದ ಬಿಲ್ಟ್-ಇನ್ ಫ್ರಿಜ್ ತನ್ನ ಬಿಸಿಯನ್ನು ಮುಂಭಾಗದಲ್ಲಿ, ಬುಡದ ಅಥವಾ ನೆತ್ತಿಯ ಜಾಲರಿಯ ಮೂಲಕ ಹೊರಗೆ ಹಾಕುತ್ತದೆ. ಆದ್ದರಿಂದಲೇ ಅದನ್ನು ಎರಡೂ ಪಕ್ಕಗಳಲ್ಲಿ ಕಪಾಟಿಗೆ ಒತ್ತಿ ಕೂರಿಸಬಹುದು, ಕದಗಳ ಮೇಲೆ ನಿಮ್ಮ ಕಪಾಟಿನದೇ ಲ್ಯಾಮಿನೇಟ್ ಹಲಗೆಯನ್ನು ಹಚ್ಚಬಹುದು. ಅದರ ಆಳ ಎರಡು ಅಡಿಯ ಗ್ರಾನೈಟ್ ಕಟ್ಟೆಗೆ ಹೆಚ್ಚುಕಡಿಮೆ ಸಮನಾಗಿದ್ದು, ಎತ್ತರ ಏಳು ಅಡಿಯವರೆಗೂ ಹೋಗುತ್ತದೆ. ಇನ್ನೊಂದು, ಎಲ್ಲರ ಮನೆಯಲ್ಲೂ ಇರುವಂತೆ ತಾನೇ ನಿಲ್ಲುವ ಫ್ರಿಜ್. ಅದನ್ನು ಗೂಡಿನೊಳಗೆ ತಳ್ಳಿ 'ಇದೂ ಬಿಲ್ಟ್-ಇನ್ ಥರಾನೇ ಕಾಣುತ್ತದೆ' ಎನ್ನುತ್ತಾರೆ. ಕಾಣುವುದೇನೋ ನಿಜ. ಆದರೆ ಇಂತಹ ಬಹುತೇಕ ಫ್ರಿಜ್‌ಗಳಲ್ಲಿ ಬಿಸಿಯಾಗುವ ಕೊಳವೆ ಪಕ್ಕದ ತಗಡಿನ ಒಳಗೇ ಇರುತ್ತದೆ. ನಿಮ್ಮ ಈಗಿನ ಫ್ರಿಜ್ಜಿನ ಪಕ್ಕವನ್ನು ಮಧ್ಯಾಹ್ನ ಒಮ್ಮೆ ಮುಟ್ಟಿ ನೋಡಿದರೆ ಬೆಚ್ಚಗಿರುವುದು ತಿಳಿಯುತ್ತದೆ. ಆ ಬಿಸಿಗೆ ಹೊರಹೋಗಲು ದಾರಿ ಇಲ್ಲದಂತೆ ಪ್ಲೈವುಡ್ಡಿನಿಂದ ಮುಚ್ಚಿದರೆ ಕಂಪ್ರೆಸರ್ ಬಿಡುವಿಲ್ಲದೆ ಓಡುತ್ತದೆ, ಕರೆಂಟ್ ಬಿಲ್ಲೂ ಏರುತ್ತದೆ, ಅದರ ಆಯುಸ್ಸೂ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಮೂರು ಅಡಿಯ ವಿಷಯ. ಮೂರು ಅಡಿ ಎಂದರೆ 91.4 ಸೆಂ.ಮೀ. ನೀವು ಅಳೆದದ್ದು ಹಳೆಯ ಗೋಡೆಯಿಂದಲೇ ಆಗಿದ್ದರೆ, ಹೊಸ ಟೈಲ್ಸ್ ಮತ್ತು ಅದರ ಅಂಟು ಸೇರಿ ಒಂದು ಕಡೆಯಲ್ಲೇ ಒಂದೂವರೆ ಸೆಂ.ಮೀ. ನುಂಗಿಹಾಕುತ್ತದೆ. ಹಳೆಯ ಮನೆಗಳ ಗೋಡೆ ತೂಗುಗುಂಡಿಗೆ ಸರಿಯಾಗಿ ನೇರವಾಗಿರುವುದೂ ಅಪರೂಪ. ಆದ್ದರಿಂದ ನೆಲದ ಬಳಿ, ಸೊಂಟದ ಮಟ್ಟದಲ್ಲಿ ಮತ್ತು ತಲೆಯ ಮೇಲೆ ಹೀಗೆ ಮೂರು ಕಡೆ ಟೇಪು ಹಿಡಿದು, ಎಲ್ಲಕ್ಕಿಂತ ಚಿಕ್ಕ ಅಳತೆಯನ್ನೇ ಲೆಕ್ಕಕ್ಕೆ ಹಿಡಿಯಬೇಕು. ಇಷ್ಟಾದ ಮೇಲೆ 36 ಇಂಚಿನ ಫ್ರಿಜ್ ಆ ಜಾಗದಲ್ಲಿ ಕೂರುವ ಮಾತೇ ಇಲ್ಲ. 83 ಸೆಂ.ಮೀ. ಆಸುಪಾಸಿನ ಅಗಲದ ಮಾದರಿ ಒಳಗೆ ಹೋದರೂ ಗೋಡೆಯ ಕಡೆಯ ಕದ ತೊಂಬತ್ತು ಡಿಗ್ರಿಗೆ ಬಂದು ನಿಂತುಬಿಡುತ್ತದೆ. ಫ್ರಿಜ್ ಒಳಗಿನ ತರಕಾರಿ ಡ್ರಾಯರ್ ಪೂರ್ತಿ ಹೊರಗೆ ಬರಬೇಕಾದರೆ ಕದ ಅದಕ್ಕಿಂತ ಹೆಚ್ಚು ತೆರೆದುಕೊಳ್ಳಬೇಕು. ಅಂಗಡಿಯಲ್ಲಿ ಈ ತೊಂದರೆ ಕಾಣಿಸುವುದಿಲ್ಲ, ಏಕೆಂದರೆ ಅಲ್ಲಿ ಫ್ರಿಜ್ಜಿನ ಪಕ್ಕದಲ್ಲಿ ಗೋಡೆ ಇರುವುದಿಲ್ಲ. ಅಂತರಸನಹಳ್ಳಿ ಮಾರುಕಟ್ಟೆಯಿಂದ ವಾರದ ಸೊಪ್ಪು ತರಕಾರಿ ತಂದು ತುಂಬುವ ದಿನವೇ ಅದು ಗೊತ್ತಾಗುವುದು.

ಗ್ರಾನೈಟ್ ಇನ್ನೂ ಕತ್ತರಿಸಿಲ್ಲವಾದರೆ ಕಟ್ಟೆಯನ್ನು ನಾಲ್ಕು ಇಂಚು ಮೊಟಕು ಮಾಡಿಸಿ, ಫ್ರಿಜ್ಜಿನ ಜಾಗವನ್ನು 40 ಇಂಚಿಗೆ, ಅಂದರೆ ಸುಮಾರು 101 ಸೆಂ.ಮೀ.ಗೆ ಹಿಗ್ಗಿಸಿಕೊಳ್ಳಿ. ಟೈಲ್ಸಿನ ದಪ್ಪ ಕಳೆದು, 83 ಸೆಂ.ಮೀ. ಫ್ರಿಜ್ ಇಟ್ಟ ಮೇಲೂ ಗೋಡೆಯ ಕಡೆ ಹತ್ತು ಸೆಂ.ಮೀ., ಕಪಾಟಿನ ಕಡೆ ಐದಾರು ಸೆಂ.ಮೀ. ಉಳಿಯುತ್ತದೆ. ನಾಲ್ಕು ಇಂಚು ಕಟ್ಟೆ ಹೋಯಿತೆಂದು ಅಡುಗೆ ನಿಲ್ಲುವುದಿಲ್ಲ. ಹಿಂಬದಿಗೂ ನೆತ್ತಿಯ ಮೇಲೂ ಎಷ್ಟು ಜಾಗ ಬಿಡಬೇಕೆಂಬುದನ್ನು ಆಯಾ ಮಾದರಿಯ ಕೈಪಿಡಿಯಲ್ಲಿ ಚಿತ್ರ ಸಮೇತ ಕೊಟ್ಟಿರುತ್ತಾರೆ. ಆ ಪುಟದ ಒಂದು ಪ್ರತಿಯನ್ನು ಕಾರ್ಪೆಂಟರ್ ಕೈಗೆ ಕೊಟ್ಟುಬಿಡಿ.

ಫ್ರೆಂಚ್ ಡೋರ್ ಎಂಬ ನಿಮ್ಮ ಆಯ್ಕೆಯಲ್ಲಿ ತಪ್ಪೇನೂ ಇಲ್ಲ, ಅದರಲ್ಲೂ ಅತ್ತೆಯವರ ದೃಷ್ಟಿಯಿಂದ. ದಿನಕ್ಕೆ ಇಪ್ಪತ್ತು ಸಲ ಬೇಕಾಗುವ ಹಾಲು, ಮೊಸರು, ದೋಸೆ ಹಿಟ್ಟು, ಕರಿಬೇವು ಎಲ್ಲವೂ ಮೇಲಿನ ಭಾಗದಲ್ಲಿ ಕೈಗೆಟುಕುವಂತೆ ಇರುತ್ತವೆ. ಬಗ್ಗಬೇಕಾದದ್ದು ಕೆಳಗಿನ ಫ್ರೀಜರಿಗೆ ಮಾತ್ರ. ಪಕ್ಕಪಕ್ಕದ ಎರಡು ಉದ್ದ ಕದಗಳ ಸೈಡ್ ಬೈ ಸೈಡ್ ಫ್ರಿಜ್ಜಿನಲ್ಲಿ ನಡುವೆ ಅಡ್ಡಗೋಡೆ ಇರುವುದರಿಂದ ಅಗಲವಾದ ಪಾತ್ರೆ ಕೂರುವುದಿಲ್ಲ, ಫ್ರೆಂಚ್ ಡೋರಿನಲ್ಲಿ ತಟ್ಟೆ ಒಂದೇ ಉದ್ದಕ್ಕೆ ಇರುತ್ತದೆ. ಹಬ್ಬದ ದಿನ ಉಳಿದ ಹುಳಿಯನ್ನು ಪಾತ್ರೆ ಸಮೇತ ಇಡುವವರಿಗೆ ಇದರ ಬೆಲೆ ಗೊತ್ತು. ಪ್ರತಿಯೊಂದು ಕದವೂ ಅರ್ಧ ಅಗಲದ್ದಾದ್ದರಿಂದ ಇಕ್ಕಟ್ಟಿನ ಅಡುಗೆಮನೆಯಲ್ಲಿ ಎದುರಿನ ಕಟ್ಟೆಗೆ ಬಡಿಯದೆ ತೆರೆಯುತ್ತದೆ.

ಆದರೆ ಫ್ರೀಜರನ್ನು ಎಚ್ಚರಿಕೆಯಿಂದ ನೋಡಿ. ಒಂದೇ ಆಳವಾದ ಡ್ರಾಯರ್ ಆದರೆ ಚಳಿಗಾಲದಲ್ಲಿ ಸುಲಿದು ಕಟ್ಟಿಟ್ಟ ಹಿತಕಿದ ಅವರೆಬೇಳೆಯ ಪೊಟ್ಟಣಗಳು ಬುಡ ಸೇರಿ, ಮುಂದಿನ ಅವರೆ ಕಾಲಕ್ಕೆ ಹೊರಬರುತ್ತವೆ. ಒಳಗೆ ಎರಡು ಮೂರು ಅಂತಸ್ತುಗಳಿರುವಂಥದ್ದನ್ನೇ ಆರಿಸಿ. ಹಾಗೆಯೇ, ಎರಡು ಕದಗಳು ಕೂಡುವಲ್ಲಿ ಒಂದು ಕದಕ್ಕೆ ಮಡಚಿಕೊಳ್ಳುವ ಪಟ್ಟಿಯೊಂದು ಇರುತ್ತದೆ. ತಂಪು ಹೊರಹೋಗದಂತೆ ತಡೆಯುವುದು ಅದೇ. ಅದು ಒಳಕ್ಕೆ ಮಡಚಿಕೊಂಡಿರದಿದ್ದಾಗ ಕದ ಹಾಕಿದರೆ ಇನ್ನೊಂದು ಕದಕ್ಕೆ ಬಡಿಯುತ್ತದೆ. ಅಂಗಡಿಯಲ್ಲಿ ಹತ್ತು ಸಲ ತೆರೆದು ಮುಚ್ಚಿ, ಆ ಪಟ್ಟಿಯ ಸ್ಪ್ರಿಂಗ್ ಬಿಗಿಯಾಗಿದೆಯೇ ಎಂದು ನೋಡಿ. ಸೇಲ್ಸ್‌ನವರು ಬೇಸರಿಸಿಕೊಂಡರೂ ಚಿಂತೆಯಿಲ್ಲ.

ಹಾಗಾದರೆ ನಿಜವಾದ ಬಿಲ್ಟ್-ಇನ್ ಬೇಡವೇ ಎಂದು ಕೇಳಿದರೆ, ನಿಮ್ಮ ಮನೆಗೆ ಬೇಡ ಎನ್ನುತ್ತೇನೆ. ಬೆಲೆ ಹಲವು ಪಟ್ಟು ಹೆಚ್ಚೆಂಬುದು ಒಂದು ಕಾರಣವಷ್ಟೇ. ನಮ್ಮ ಕಡೆ ಅಡುಗೆಮನೆಯ ನೆಲಕ್ಕೆ ಬಕೆಟ್ಟಿನಲ್ಲಿ ನೀರು ಹಾಕಿ ತೊಳೆಯುವ ರೂಢಿ ಇನ್ನೂ ಇದೆ, ಬುಡದಲ್ಲಿ ಜಾಲರಿಯಿರುವ ಯಂತ್ರಕ್ಕೆ ಅದು ಹಿತವಲ್ಲ. ರಿಪೇರಿಗೆ ಬಂದರೆ ಹಲಗೆಗಳನ್ನು ಬಿಚ್ಚಿ, ಭಾರವಾದ ಯಂತ್ರವನ್ನು ಗೂಡಿನಿಂದ ಎಳೆಯಬಲ್ಲ ತರಬೇತಾದವರೇ ಬೇಕು. ಅವರು ಎಪ್ಪತ್ತು ಕಿ.ಮೀ. ದೂರದ ಬೆಂಗಳೂರಿನಿಂದ ಬರುವ ತನಕ ಹಾಲು ಕಾಯುವುದಿಲ್ಲ. ಬದಲಿಗೆ ಕಡಿಮೆ ಆಳದ, ತಾನೇ ನಿಲ್ಲುವ ಫ್ರೆಂಚ್ ಡೋರ್ ಮಾದರಿಯನ್ನು ತಂದು, ಅದರ ಎರಡು ಪಕ್ಕಕ್ಕೂ ಮೇಲಕ್ಕೂ ಗಾಳಿಯಾಡುವಂತೆ ಬಿಟ್ಟು ಕಪಾಟು ಮಾಡಿಸಿ. ಕದಗಳಷ್ಟು ಭಾಗ ಕಟ್ಟೆಯಿಂದ ಮುಂದೆ ಚಾಚಿಕೊಳ್ಳುತ್ತದೆ. ಅದನ್ನು ಒಪ್ಪಿಕೊಳ್ಳಿ, ಏಕೆಂದರೆ ಆ ಕದಗಳು ತೆರೆಯಲು ಹಾಗೆ ಚಾಚಿಕೊಂಡಿರಲೇಬೇಕು. ಅದನ್ನು ತಪ್ಪಿಸಲು ಹಿಂದಿನ ಗೋಡೆಯನ್ನು ಕೆತ್ತಿಸಿ ಒಳಕ್ಕೆ ತಳ್ಳೋಣವೆಂದು ಯಾರಾದರೂ ಸಲಹೆ ಕೊಟ್ಟರೆ, ಮೇಲಿನ ತಾರಸಿಯ ಭಾರ ಆ ಗೋಡೆಯ ಮೇಲಿದೆಯೇ ಎಂದು ಇಂಜಿನಿಯರ್ ಒಬ್ಬರಿಗೆ ತೋರಿಸದೆ ಉಳಿ ಎತ್ತಲು ಬಿಡಬೇಡಿ.

ಪ್ಲಗ್ ಪಾಯಿಂಟನ್ನು ಫ್ರಿಜ್ಜಿನ ಬೆನ್ನಿಗೆ ಇಡಿಸಬೇಡಿ. ನಮ್ಮ ಮನೆಯಲ್ಲಿ ಹಾಗೆ ಮಾಡಿಸಿ, ಒಮ್ಮೆ ಸಿಡಿಲು ಗುಡುಗಿನ ಸಂಜೆ ಪ್ಲಗ್ ಕೀಳಲು ಮೂರು ಜನ ಸೇರಿ ಫ್ರಿಜ್ ಎಳೆದದ್ದು ನನಗಿನ್ನೂ ನೆನಪಿದೆ. ನೆಲದ ಟೈಲ್ಸಿನ ಮೇಲೆ ಆ ಗೀರು ಇಂದಿಗೂ ಇದೆ. ಪಕ್ಕದ ಕಪಾಟಿನೊಳಗೆ, ಕೈಗೆಟುಕುವ ಎತ್ತರದಲ್ಲಿ, ಪ್ರತ್ಯೇಕ ಲೈನಿನಿಂದ ಸರಿಯಾದ ಅರ್ಥಿಂಗ್ ಇರುವ ಪಾಯಿಂಟ್ ಕೊಡಿಸಿ. ಸ್ಟೆಬಿಲೈಸರ್ ಬೇಡವೆಂದು ಹೇಳುವ ಮಾದರಿಗಳು ಎಷ್ಟು ವೋಲ್ಟಿನಿಂದ ಎಷ್ಟರವರೆಗೆ ತಾಳುತ್ತವೆಂಬುದು ಅವುಗಳ ವಿವರದಲ್ಲೇ ಇರುತ್ತದೆ, ಅದನ್ನು ನಿಮ್ಮ ಬೀದಿಯ ವೋಲ್ಟೇಜ್ ಜೊತೆ ಹೋಲಿಸಿ. ಫ್ರಿಜ್ಜಿನ ಒಳಗಿನ ಚೀಟಿಯಲ್ಲಿ ಹವಾಮಾನದ ದರ್ಜೆಯನ್ನೂ ಬರೆದಿರುತ್ತಾರೆ: 'ಎನ್' ದರ್ಜೆಯದು ಹೊರಗಿನ ಬಿಸಿ 32 ಡಿಗ್ರಿಯವರೆಗೆ, 'ಎಸ್‌ಟಿ' 38ರವರೆಗೆ, 'ಟಿ' 43ರವರೆಗೆ ಸರಿಯಾಗಿ ಕೆಲಸ ಮಾಡುತ್ತದೆ. ಏಪ್ರಿಲ್ ತಿಂಗಳ ತುಮಕೂರಿಗೆ, ಅದೂ ಒಲೆಯಿರುವ ಕೋಣೆಗೆ, 'ಟಿ' ಇರುವುದೇ ಕ್ಷೇಮ. ಕರೆಂಟ್ ಉಳಿತಾಯದ ಚೀಟಿಯಲ್ಲಿರುವ ನಕ್ಷತ್ರಗಳನ್ನು ಎಣಿಸಿ ಸುಮ್ಮನಾಗಬೇಡಿ, ಅವುಗಳ ಲೆಕ್ಕ ಫ್ರಿಜ್ಜಿನ ಗಾತ್ರಕ್ಕೆ ತಕ್ಕಂತೆ ಇರುತ್ತದೆ; ವರ್ಷಕ್ಕೆ ಎಷ್ಟು ಯೂನಿಟ್ ಎಂದು ಬರೆದಿರುವ ಅಂಕಿಯನ್ನು ಹನ್ನೆರಡರಿಂದ ಭಾಗಿಸಿ ನೋಡಿ.

ಕೊನೆಯದಾಗಿ, ಅಡುಗೆಮನೆಯ ಬಾಗಿಲನ್ನೂ ಅಳೆಯಿರಿ. ಹಳೆಯ ಮನೆಗಳಲ್ಲಿ ಅದು ಎರಡೂವರೆ ಅಡಿ, ಅಂದರೆ 76 ಸೆಂ.ಮೀ. ಮಾತ್ರ ಇರುತ್ತದೆ. ಕದಗಳನ್ನು ಕಳಚಿ ಪಕ್ಕಕ್ಕೆ ತಿರುಗಿಸಿ ತರಬಹುದಾದರೂ, ತಂದುಕೊಡುವವರು ಆ ಕೆಲಸ ಮಾಡುತ್ತಾರೆಯೇ ಎಂದು ಹಣ ಕಟ್ಟುವ ಮೊದಲೇ ಕೇಳಿಕೊಳ್ಳಿ.

ಪ್ರಶ್ನೆ: ನಾವೂ ಫ್ರೆಂಚ್ ಡೋರ್ ಫ್ರಿಜ್ ಕೊಳ್ಳಲಿದ್ದೇವೆ. ಕದದಲ್ಲೇ ನೀರು, ಐಸ್ ಬರುವ ಮಾದರಿ ಮಕ್ಕಳಿಗೆ ಇಷ್ಟವಾಗಿದೆ. ನಮ್ಮದು ಬೋರ್‌ವೆಲ್ ನೀರು. ನಡೆಯುತ್ತದೆಯೇ?
– ಓದುಗರೊಬ್ಬರು, ಶಿರಾ

ಉತ್ತರ: ಬೋರ್‌ವೆಲ್ ನೀರನ್ನು ನೇರವಾಗಿ ಜೋಡಿಸಬೇಡಿ. ನಿಮ್ಮ ಪಾತ್ರೆಗಳ ತಳದಲ್ಲಿ ಕಟ್ಟುವ ಬಿಳಿ ಸುಣ್ಣವೇ ಫ್ರಿಜ್ಜಿನ ಸಣ್ಣ ಕೊಳವೆಯಲ್ಲೂ ವಾಲ್ವಿನಲ್ಲೂ ಕಟ್ಟಿಕೊಳ್ಳುತ್ತದೆ. ಫ್ರಿಜ್ ಜೊತೆ ಬರುವ ಇದ್ದಿಲಿನ ಫಿಲ್ಟರ್ ವಾಸನೆಯನ್ನು, ಕ್ಲೋರಿನ್ನನ್ನು ತೆಗೆಯುತ್ತದೆಯೇ ಹೊರತು ಗಡಸನ್ನಲ್ಲ. ಆರ್‌ಓ ಯಂತ್ರದಿಂದ ಲೈನ್ ಎಳೆಸಬಹುದು, ಆದರೆ ಅದರ ನೀರಿನ ಒತ್ತಡ ಫ್ರಿಜ್ ಕೇಳುವಷ್ಟು ಇರುವುದಿಲ್ಲವಾದ್ದರಿಂದ ಕೆಲವು ಕಡೆ ಸಣ್ಣ ಪಂಪ್ ಬೇಕಾಗುತ್ತದೆ. ಇದಕ್ಕಿಂತ, ಕದದ ಒಳಗಿನ ತೊಟ್ಟಿಗೆ ನಾವೇ ಶುದ್ಧ ನೀರು ತುಂಬಿಡುವ ಮಾದರಿ ಸಿಗುತ್ತದೆ. ಶಿರಾದಲ್ಲಿ ಅದೇ ಸಾಕು, ತೊಟ್ಟಿಯನ್ನು ವಾರಕ್ಕೊಮ್ಮೆ ತೊಳೆಯುವ ಕೆಲಸವನ್ನು ಮಕ್ಕಳಿಗೇ ವಹಿಸಿ.