ಕಷ್ಟದ ಈಡಿಯಮ್ಸ್ ಎಲ್ಲಾ ಒಂದೇ ಅಲ್ಲೇನ್ರಿ?

ಪ್ರಶ್ನೆ: ಅಕ್ಕೋರೆ, ನಮ್ಮದು ಯಾದಗಿರಿ ಕಡಿ ಹಳ್ಳಿ, ಕಲಬುರಗಿಯೊಳಗ ರೂಂ ಮಾಡ್ಕೊಂಡು ಬ್ಯಾಂಕ್ ಎಕ್ಸಾಮಿಗೆ ಓದ್ಲಿಕತ್ತೀನ್ರಿ. ಪ್ರಾಕ್ಟೀಸಿಗಂತ ಒಂದು ಇಂಗ್ಲಿಷ್ ಎಸ್ಸೆ ಬರದಿದ್ದೆ, ನಮ್ಮ ತೊಗರಿ ನೆಟೆ ರೋಗಕ್ಕ ಹೋಗಿದ್ದು, ಅಪ್ಪ ಬದುವಿನ ಮ್ಯಾಲ ಕುಂತು ಅತ್ತಿದ್ದು, ಮುಂದಿನ ವರ್ಷ ಅದೇ ಹೊಲಕ್ಕ ಜೋಳ ಹಾಕಿದ್ದು. ಅದ್ರಾಗ ಬೈಟ್ ದ ಬುಲೆಟ್, ವೆದರ್ ದ ಸ್ಟಾರ್ಮ್, ಹ್ಯಾಂಗ್ ಇನ್ ದೇರ್, ಸ್ಟಿಫ್ ಅಪ್ಪರ್ ಲಿಪ್ ಅಂತ ಕಷ್ಟ ತಡ್ಕೊಳ್ಳೋದಕ್ಕ ಹೇಳೋ ಈಡಿಯಮ್ಸ್ (ನುಡಿಗಟ್ಟು) ಎಲ್ಲಾ ಹಾಕಿದ್ದೆ, ಕೋಚಿಂಗ್ ಸರ್ ಎಲ್ಲಾದಕ್ಕೂ ಕೆಂಪು ಗೆರಿ ಎಳದ್ರು. ಅರ್ಥ ಎಲ್ಲಾ ಒಂದೇ ಅಲ್ಲೇನ್ರಿ?

ಉತ್ತರ: ಒಂದೇ ಅಲ್ಲ ತಮ್ಮಾ. ಎಲ್ಲಾವೂ ಕಷ್ಟದ ಮಾತೇ ಖರೆ, ಆದ್ರ ಎಂಥಾ ಕಷ್ಟ ಅನ್ನೋದು ನೋಡ್ಬೇಕು. ಬೈಟ್ ದ ಬುಲೆಟ್ ಅಂದ್ರ ಬ್ಯಾಡಂತ ಮುಂದೂಡಿಕೊಂಡು ಬಂದ ಒಂದು ಕೆಲಸಾನ ಹಲ್ಲು ಕಚ್ಚಿ ಮಾಡಿ ಮುಗಿಸೋದು, ನಿಮ್ಮಪ್ಪ ಮನಸ್ಸಿಲ್ಲದ ಮನಸ್ಸಿಂದ ಬಂಗಾರ ಒತ್ತಿ ಇಟ್ಟಿದ್ರ ಅದಕ್ಕ ಹೊಂದ್ತದ, ವರ್ಷಗಟ್ಟಲೆ ದುಡಿಯೋದಕ್ಕ ಹೊಂದಂಗಿಲ್ಲ. ವೆದರ್ ದ ಸ್ಟಾರ್ಮ್ ಹಡಗಿನವರ ಮಾತು, ಬಿರುಗಾಳಿ ದಾಟೋತನಕ ಮುಳುಗದಂಗ ತಡ್ಕೊಳ್ಳೋದು, ಬಂದು ಹೋಗೋ ಕಷ್ಟಕ್ಕ ಚಲೋ. ಹ್ಯಾಂಗ್ ಇನ್ ದೇರ್ ಎದುರಿಗಿದ್ದವರಿಗೆ ಧೈರ್ಯ ಹೇಳೋದು, ಗೆಳೆಯಾಗ ವಾಟ್ಸಾಪ್ ಮಾಡು, ಎಸ್ಸೆದಾಗ ಬ್ಯಾಡ.

ಸ್ಟಿಫ್ ಅಪ್ಪರ್ ಲಿಪ್ ಅಂತೂ ತಗದೇ ಬಿಡು. ಅದು ಬ್ರಿಟಿಷರ ಗುಣ ಅಂತ ಹೆಸರಾಗ್ಯಾದ (ಮಾತು ಮೊದಲು ಅಚ್ಚಾಗಿದ್ದು ಮಾತ್ರ ಅಮೆರಿಕದಾಗ, 19ನೇ ಶತಮಾನದ ಶುರುವಿನ್ಯಾಗ), ಅಳು ಬಂದ್ರೂ ತುಟಿ ನಡುಗಿಸದೆ ಇರೋದು. ನಿಮ್ಮಪ್ಪ ಅತ್ತಾರಲ್ಲಪ್ಪ, ಅತ್ತ ಮ್ಯಾಲನೂ ಹೊಲ ಬಿಟ್ಟಿಲ್ಲ, ಅದನ್ನ ಯಾಕ ಮುಚ್ತಿ?

ನನಗ ನಿನ್ನ ಎಸ್ಸೆದಾಗ ಭಾಳ ಹಿಡಿಸಿದ್ದು ಆ ಜೋಳ. ನೆಟೆ ರೋಗದ ಶಿಲೀಂಧ್ರ ಮಣ್ಣಾಗೇ ವರ್ಷಾನುಗಟ್ಟಲೆ ಇರ್ತದ, ಹೂ ಕಾಯಿ ಆಗೋ ಟೈಮಿಗೆ ಗಿಡ ಹಳದಿ ಆಗಿ ನಿಂತಲ್ಲೇ ಒಣಗ್ತದ, ಕಾಂಡ ಸೀಳಿದ್ರ ಒಳಗ ಕಂದು ಗೆರಿ ಕಾಣ್ತದ, ಹಿಂಗಾಗಿ ಅದೇ ಹೊಲಕ್ಕ ಮತ್ತ ತೊಗರಿ ಹಾಕಿದ್ರ ಮತ್ತ ಅದೇ ಹಾಡು, ಜೋಳ ಹಾಕಿ ಬೆಳಿ ಬದಲು ಮಾಡಿದ್ರ ರೋಗ ಕಮ್ಮಿ ಆಗ್ತದ. ಮಾರಿದ್ರ ರೊಕ್ಕ ಬರೋ ತೊಗರಿ ಬಿಟ್ಟು ನಿಮ್ಮಪ್ಪ ಯೋಚನೆ ಮಾಡಿ ಹೆಜ್ಜಿ ಇಟ್ಟಾರ. ಇದನ್ನ ಸಾದಾ ಇಂಗ್ಲಿಷಿನ್ಯಾಗ ನಾಕು ಸಾಲು ಬರಿ, ಆಮ್ಯಾಲ ಒಂದೇ ಒಂದು ಈಡಿಯಮ್ ಹಾಕು, ಹಿ ಸೋಲ್ಜರ್ಡ್ ಆನ್, ಸಾಕು. ಎಷ್ಟೇ ಕಷ್ಟ ಇದ್ರೂ ಕೆಲಸ ಬಿಡದೆ ಮುಂದ ಹೋಗೋರಿಗೆ ಅಂತಾರದು. ಹೊಸದಾಗಿ ಬರದು ಕಳಸು, ನೋಡಿ ತಿದ್ದಿ ಕೊಡ್ತೀನಿ.