ದಾವಣಗೆರೆ ಹೊರವಲಯದ ಅಗ್ಗದ ಸೈಟ್: ಗಾಡಿ ಓಡಿಸದವರನ್ನು ಮೊದಲು ಕೇಳಿ

ನೀವು ಕೇಳಿರುವುದು ಇದು. ಈಗ ನಿಟ್ಟುವಳ್ಳಿಯಲ್ಲಿ ಬಾಡಿಗೆಗೆ ಇದ್ದೀರಿ. ಮನೆಯಲ್ಲಿ ಗಂಡ ಹೆಂಡತಿ, ಶಾಲೆಗೆ ಹೋಗುವ ಮಗಳು, ವಯಸ್ಸಾದ ಅಮ್ಮ. ಊರಾಚೆ 30×40 ಸೈಟ್ ಕೈಗೆಟುಕುವ ರೇಟಿಗೆ ಸಿಗುತ್ತಿದೆ. ಅಲ್ಲಿ ಮನೆ ಕಟ್ಟಿಕೊಂಡು ಹೋಗಬಹುದಾ?

ನಾನು ವಿನೋಬನಗರದ ಬಾಡಿಗೆ ಮನೆ ಬಿಟ್ಟು ಬಾತಿ ಕಡೆಯ ಬಡಾವಣೆಗೆ ಬಂದವನು. ವಾಪಸ್ ಹೋಗುವ ಮನಸ್ಸು ಖಂಡಿತ ಇಲ್ಲ. ಆದರೂ ಎಲ್ಲರಿಗೂ ಬನ್ನಿ ಅಂತ ಹೇಳಲಾರೆ.

ಸೈಟ್ ನೋಡೋಕೆ ಹೋಗುವವರು ಬೈಕಿನಲ್ಲಿ ಹೋಗುತ್ತಾರೆ. 'ಊರಿಗೆ ಹತ್ತೇ ನಿಮಿಷ' ಅಂತ ಏಜೆಂಟ್ ಹೇಳುವುದೂ ಬೈಕಿನ ಲೆಕ್ಕವೇ. ಆದರೆ ಇಡೀ ದಿನ ಅಲ್ಲಿ ಇರಬೇಕಾದವರು ನಿಮ್ಮ ಅಮ್ಮ. ಬಿಪಿ ಮಾತ್ರೆ ಮುಗಿದರೆ, ದೇವಸ್ಥಾನಕ್ಕೆ ಹೋಗಬೇಕು ಅನಿಸಿದರೆ, ತಂಗಿ ಮನೆಗೆ ಹೋಗಿ ಬರೋಣ ಅಂದರೆ, ಅವರು ನೀವು ಕೆಲಸದಿಂದ ಬರುವ ತನಕ ಕಾಯಬೇಕು. ಊರೊಳಗೆ ತಾವೇ ನಡೆದು ಹೋಗಿ ಬರುತ್ತಿದ್ದವರು ಇಲ್ಲಿ ಪ್ರತಿಯೊಂದಕ್ಕೂ ಮಗನ ಮುಖ ನೋಡುವ ಹಾಗಾಗುತ್ತದೆ. ಇದು ಸಣ್ಣ ವಿಷಯ ಅಲ್ಲ. ಅಗ್ಗದ ಸೈಟಿನ ಉಳಿದ ಬೆಲೆಯನ್ನು ಕೊಡುವವರು ಮನೆಯಲ್ಲಿ ಗಾಡಿ ಓಡಿಸದವರು. ಅದನ್ನು ಯಾರೂ ಲೆಕ್ಕಕ್ಕೇ ಹಿಡಿಯುವುದಿಲ್ಲ ಅನ್ನುವುದು ನನಗೆ ನಿಜವಾಗಿ ಬೇಸರ ತರಿಸುತ್ತದೆ.

ನಮ್ಮ ಬೀದಿಯ ಒಬ್ಬ ಹೆಣ್ಣುಮಗಳು ಮಂಡಿಪೇಟೆಯ ಬಟ್ಟೆ ಅಂಗಡಿಯಲ್ಲಿ ಕೆಲಸಕ್ಕಿದ್ದರು. ಅಂಗಡಿ ಬಾಗಿಲು ಹಾಕುವುದು ರಾತ್ರಿ. ಮೇನ್ ರೋಡಿನಲ್ಲಿ ಬಸ್ಸಿಳಿದರೆ ಒಳಗಿನ ದಾರಿಗೆ ದೀಪ ಇಲ್ಲ. ಆಟೋದವರು ವಾಪಸ್ ಖಾಲಿ ಹೋಗಬೇಕು ಅಂತ ಎರಡೂ ಕಡೆಯ ಬಾಡಿಗೆ ಕೇಳುತ್ತಾರೆ. ಕೊನೆಗೆ ಅವರು ಕೆಲಸವನ್ನೇ ಬಿಟ್ಟರು. ಆ ಮನೆಯಲ್ಲಿ ಬಾಡಿಗೆ ದುಡ್ಡು ಉಳಿತಾಯ ಆಯಿತು, ಆದರೆ ಒಂದು ಸಂಬಳ ಹೋಯಿತು.

ಹಾಗಾಗಿ ಸೈಟ್ ಯಾವ ರಸ್ತೆಯಲ್ಲಿದೆ ಅನ್ನುವುದೇ ಮುಖ್ಯ. ಹರಿಹರ ದಾವಣಗೆರೆಯಿಂದ 14 ಕಿಲೋಮೀಟರ್. ಎರಡೂ ಊರಿನ ನಡುವೆ ಹಳೇ ಪಿ.ಬಿ. (ಪುಣೆ-ಬೆಂಗಳೂರು) ರಸ್ತೆಯಲ್ಲಿ ಬಸ್ಸು ಓಡಾಡುತ್ತಲೇ ಇರುತ್ತವೆ. ಆ ರಸ್ತೆಗೆ ನಡೆದು ಹೋಗುವಷ್ಟು ಹತ್ತಿರವಿದ್ದರೆ ಅರ್ಧ ತಾಪತ್ರಯ ಇಲ್ಲ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಸರ್ಕಾರಿ ಬಸ್ಸಿನಲ್ಲಿ ಹೆಂಗಸರಿಗೆ ಟಿಕೆಟ್ ಖರ್ಚೂ ಇಲ್ಲ. ಆದರೆ ಪ್ರೈವೇಟ್ ಬಸ್ಸಿಗೆ ಅದು ಅನ್ವಯಿಸುವುದಿಲ್ಲ. ನಿಮ್ಮ ಸೈಟಿನ ಮುಂದೆ ಓಡುವುದು ಯಾವ ಬಸ್ಸು, ಕೊನೇ ಬಸ್ಸು ಎಷ್ಟು ಹೊತ್ತಿಗೆ ಅಂತ ಅಲ್ಲಿ ಈಗಾಗಲೇ ಇರುವವರನ್ನು ಕೇಳಿ.

ಇನ್ನು ನೀರು. ಊರೊಳಗೆ ತುಂಗಭದ್ರಾ ನೀರು, ಕುಂದುವಾಡ ಕೆರೆ ನೀರು ನಲ್ಲಿಗೆ ಬರುತ್ತದೆ. ದಿನಾ ಬರಲ್ಲ, ಸರಿ, ಆದರೂ ಸಿಹಿನೀರು. ಊರಾಚೆ ಬೋರ್‌ವೆಲ್ಲೇ ಗತಿ. ನಮ್ಮಲ್ಲಿ ಗಡಸು ನೀರು, ಗೀಸರ್ ಒಳಗೆ ಬಿಳಿ ಪದರ ಕಟ್ಟುತ್ತದೆ. ಕುಡಿಯೋಕೆ ಶುದ್ಧ ನೀರಿನ ಘಟಕದಿಂದ ಕ್ಯಾನ್ ಹೊತ್ತು ತರುತ್ತೇವೆ. ಈಗ ಹೇಳಿ, ಆ ಕ್ಯಾನ್ ತರುವವರು ಯಾರು? ಇದಕ್ಕೂ ಗಾಡಿ ಬೇಕಲ್ವಾ?

ಸೈಟ್ ಮೊದಲು ಗದ್ದೆ ಆಗಿತ್ತಾ ಅಂತಲೂ ವಿಚಾರಿಸಿ. ಭದ್ರಾ ನಾಲೆಯ ಅಚ್ಚುಕಟ್ಟಿನ ಜಮೀನು ಸುತ್ತ ಬಹಳ ಇದೆ. ಪಕ್ಕದ ಗದ್ದೆಗೆ ನೀರು ಬಿಟ್ಟಾಗ ಜೌಗು ಹಿಡಿಯುತ್ತದೆ, ಸೊಳ್ಳೆಯೂ ಜಾಸ್ತಿ. ಎರೆ ಮಣ್ಣಾಗಿದ್ದರೆ ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಸುಮ್ನೆ ಮೇಲೆ ಮೇಲೆ ಪಾಯ ಹಾಕಿದರೆ ಗೋಡೆ ಬಿರುಕು ಬಿಡುತ್ತದೆ. ಪಾಯಕ್ಕೆ ಆಗುವ ಹೆಚ್ಚಿನ ಖರ್ಚನ್ನು ಸೈಟಿನ ಬೆಲೆಗೆ ಈಗಲೇ ಸೇರಿಸಿಕೊಳ್ಳಿ.

ಕಾಗದದ ವಿಷಯ ಚಿಕ್ಕದಾಗಿ ಹೇಳುತ್ತೇನೆ. ಭೂ ಪರಿವರ್ತನೆ ಆಗಿರಬೇಕು, ಬಡಾವಣೆ ನಕ್ಷೆಗೆ ದೂಡಾ, ಅಂದರೆ ನಗರಾಭಿವೃದ್ಧಿ ಪ್ರಾಧಿಕಾರದ ಒಪ್ಪಿಗೆ ಇರಬೇಕು. ಪಂಚಾಯಿತಿ ಜಾಗವಾದರೆ ಇ-ಸ್ವತ್ತಿನ (ಪಂಚಾಯಿತಿಯ ಆನ್‌ಲೈನ್ ಆಸ್ತಿ ದಾಖಲೆ) ನಮೂನೆ 9 ಮತ್ತು 11ಎ ಕೇಳಿ. ಒಪ್ಪಿಗೆ ಇಲ್ಲದ ಜಾಗಕ್ಕೆ ಕೊಡುವ 11ಬಿ ಮಾತ್ರ ತೋರಿಸಿದರೆ ಬ್ಯಾಂಕಿನವರು ಸಾಲಕ್ಕೆ ಹಿಂದೆ ಮುಂದೆ ನೋಡುತ್ತಾರೆ. ರಸ್ತೆ, ಪಾರ್ಕು ಪಂಚಾಯಿತಿಗೆ ಹಸ್ತಾಂತರ ಆಗಿದೆಯಾ ಅಂತಲೂ ನೋಡಿ. ಆಗಿರದಿದ್ದರೆ ಬೀದಿ ದೀಪ ಕೆಟ್ಟಾಗ ಪಂಚಾಯಿತಿಯವರು ನಮ್ಮದಲ್ಲ ಅನ್ನುತ್ತಾರೆ, ಲೇಔಟ್ ಮಾಡಿದವರು ಫೋನ್ ಎತ್ತುವುದಿಲ್ಲ. ನಾವು ಅದನ್ನು ಅನುಭವಿಸಿದ್ದೇವೆ.

ಇಷ್ಟೆಲ್ಲ ಇದ್ದೂ ನಾನು ಯಾಕೆ ಇಲ್ಲೇ ಇದ್ದೇನೆ? ಬಾಡಿಗೆ ಮನೆಯಲ್ಲಿ ಓನರ್ ಮೋಟರ್ ಹಾಕಿದಾಗಲೇ ನಮಗೆ ನೀರು. ನೆಂಟರು ನಾಲ್ಕು ದಿನ ಉಳಿದರೆ ಓನರ್‌ಗೆ ಲೆಕ್ಕ ಕೊಡಬೇಕಿತ್ತು. ಗೋಡೆಗೆ ಮೊಳೆ ಹೊಡೆಯೋಕೂ ಕೇಳಬೇಕಿತ್ತು. ಆ ಸಂಕೋಚ ಹೋಗಿದೆಯಲ್ಲ, ಅದಕ್ಕೆ ಬೆಲೆ ಕಟ್ಟಲಾರೆ. ಏಪ್ರಿಲ್ ಸೆಖೆಯಲ್ಲೂ ರಾತ್ರಿ ಗಾಳಿ ಆಡುತ್ತದೆ. ಮಕ್ಕಳು ಬೀದಿಯಲ್ಲಿ ಸೈಕಲ್ ಕಲಿತರು. ಹಿತ್ತಲಲ್ಲಿ ಕರಿಬೇವು, ನುಗ್ಗೆ ಇದೆ. ಮನೆಗಳು ಕಡಿಮೆ ಇರುವುದರಿಂದ ಒಬ್ಬರಿಗೊಬ್ಬರು ಬೇಕೇ ಬೇಕು. ರಾತ್ರಿ ಯಾರಿಗಾದರೂ ಎದೆನೋವು ಬಂದರೆ 108ಕ್ಕೆ ಕಾಯದೆ ಪಕ್ಕದ ಮನೆಯವರು ಕಾರು ತೆಗೆದು ಬಾಪೂಜಿ ಆಸ್ಪತ್ರೆಗೋ ಚಿಗಟೇರಿ ಆಸ್ಪತ್ರೆಗೋ ಓಡಿಸುತ್ತಾರೆ. ವಿನೋಬನಗರದಲ್ಲಿ ನಮ್ಮ ಮೇಲಿನ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ.

ಸೈಟ್ ಎಲ್ಲಿದೆ ಅಂತ ನೀವು ಬರೆದಿಲ್ಲ. ಒಂದು ದಿನ ಬೈಕ್ ಬಿಟ್ಟು, ಅಮ್ಮನನ್ನೂ ಮಗಳನ್ನೂ ಕರೆದುಕೊಂಡು ಬಸ್ಸಿನಲ್ಲೇ ಅಲ್ಲಿಗೆ ಹೋಗಿ, ಕತ್ತಲಾದ ಮೇಲೆ ಬಸ್ಸಿನಲ್ಲೇ ವಾಪಸ್ ಬನ್ನಿ. ಅವರಿಬ್ಬರೂ ಆಗಬಹುದು ಅಂದರೆ ಅಡ್ವಾನ್ಸ್ ಕೊಡಿ. ಅವರು ಬೇಡ ಅಂದರೆ ಅದೇ ದುಡ್ಡಿಗೆ ಊರೊಳಗೆ ಒಂದು 20×30 ಹಳೇ ಮನೆ ಹುಡುಕಿ. ಚಿಕ್ಕದಾದರೂ ಪರವಾಗಿಲ್ಲ.