ವಾಹನ ಸಲಹೆ: ಹಳೆಯ ಜೀಪಿನ ಸೆಲ್ಫ್ ತಿರುಗದಿದ್ದಾಗ

ಪ್ರಶ್ನೆ: ನಮ್ಮದು ಹಳೆಯ ಮಹೀಂದ್ರ ಡೀಸೆಲ್ ಜೀಪು. ಎರೆಹೊಲಕ್ಕೆ ಹೋಗಲು, ಹಳ್ಳ ದಾಟಲು ಇಂದಿಗೂ ಅದೇ ಆಧಾರ. ಈ ಮಳೆಗಾಲ ಕಳೆದ ಮೇಲೆ ಕೀಲಿ ತಿರುಗಿಸಿದರೆ ಸೆಲ್ಫ್ (ಎಂಜಿನ್ ತಿರುಗಿಸಿ ಚಾಲೂ ಮಾಡುವ ಮೋಟಾರು) ‘ಟಕ್’ ಎಂದು ಸುಮ್ಮನಾಗುತ್ತದೆ. ಬ್ಯಾಟರಿ ಹೊಸದು ಹಾಕಿಸಿದೆ, ಡೈನಮೋ ರಿಪೇರಿ ಮಾಡಿಸಿದೆ. ಈಗ ಸೆಲ್ಫ್ ಬದಲಿಸಬೇಕು ಎನ್ನುತ್ತಿದ್ದಾರೆ. ಸೆಲ್ಫ್ ಒತ್ತಿದಾಗ ಎಂಜಿನ್ ನಿಲ್ಲಿಸುವ ಕೇಬಲ್ ಬಿಸಿಯಾಗುತ್ತದೆ. ಹೆಡ್‌ಲೈಟ್ ಮಂದವಾಗಿದೆ; ಎಡ ಇಂಡಿಕೇಟರ್ ಹಾಕಿದರೆ ಪಾರ್ಕಿಂಗ್ ದೀಪವೂ ಅದರೊಂದಿಗೆ ಮಿಣುಕುತ್ತದೆ. ಏನು ಮಾಡಬೇಕು?
– ಓದುಗರೊಬ್ಬರು, ರೋಣ ತಾಲ್ಲೂಕು

ಉತ್ತರ: ಸೆಲ್ಫ್ ಬದಲಿಸುವುದನ್ನು ಸದ್ಯಕ್ಕೆ ತಡೆಯಿರಿ. ಕೇಬಲ್ ಬಿಸಿಯಾಗುತ್ತದೆ ಎಂಬ ನಿಮ್ಮ ಒಂದು ಮಾತೇ ದೋಷ ಎಲ್ಲಿದೆ ಎಂಬುದನ್ನು ಬಹುಮಟ್ಟಿಗೆ ಹೇಳುತ್ತದೆ.

ಎಂಜಿನ್ ರಬ್ಬರ್ ಮೌಂಟಿಂಗ್‌ಗಳ ಮೇಲೆ ಕುಳಿತಿರುವುದರಿಂದ ಅದಕ್ಕೂ ಚಾಸಿಸ್‌ಗೂ ತಾನಾಗಿ ವಿದ್ಯುತ್ ಸಂಪರ್ಕ ಇರುವುದಿಲ್ಲ. ಬ್ಯಾಟರಿಯ ಮೈನಸ್ ತಂತಿ ಚಾಸಿಸ್‌ಗೆ ಬಂದು, ಅಲ್ಲಿಂದ ಹೆಣೆದ ತಾಮ್ರದ ಪಟ್ಟಿಯೊಂದು ಎಂಜಿನ್ನಿಗೆ ಹೋಗುವ ಜೀಪುಗಳಲ್ಲಿ ಆ ಪಟ್ಟಿ ತುಕ್ಕು ಹಿಡಿದರೆ ಅಥವಾ ಹರಿದರೆ, ಸೆಲ್ಫ್ ಎಳೆಯುವ ಕರೆಂಟ್ ಹಿಂದಿರುಗಲು ಸಿಕ್ಕ ಲೋಹವನ್ನೆಲ್ಲ ಹಿಡಿಯುತ್ತದೆ. ಎಂಜಿನ್ ನಿಲ್ಲಿಸುವ ಕೇಬಲ್, ಎಕ್ಸಲರೇಟರ್ ಕೇಬಲ್ ಎರಡೂ ಅಂಥ ದಾರಿಗಳೇ. ಅಷ್ಟು ತೆಳ್ಳಗಿನ ತಂತಿಯಲ್ಲಿ ಅಷ್ಟು ಕರೆಂಟ್ ಹರಿದರೆ ಅದು ಕಾಯದೆ ಇರಲಾರದು. ಹೀಗೇ ಬಿಟ್ಟರೆ ಹೊರಕವಚ ಕರಗಿ ಕೇಬಲ್ ಜಾಮ್ ಆದೀತು. ಎರೆಮಣ್ಣು ಚಾಸಿಸ್ಸಿನ ಅಡಿಗೆ ಮೆತ್ತಿಕೊಂಡು ವಾರಗಟ್ಟಲೆ ತೇವ ಹಿಡಿದಿಡುವ ನಿಮ್ಮ ಸೀಮೆಯಲ್ಲಿ ಅರ್ಥಿಂಗ್ (ಕರೆಂಟ್ ಬ್ಯಾಟರಿಯ ಮೈನಸ್‌ಗೆ ಹಿಂದಿರುಗುವ ದಾರಿ) ಬೋಲ್ಟ್‌ಗಳೇ ಮೊದಲು ಕೆಡುವುದು ಸಹಜ.

ಟೆಸ್ಟ್ ಲ್ಯಾಂಪ್ ಹಿಡಿದರೆ ಎಲ್ಲವೂ ಸರಿಯಾಗಿ ಕಾಣಬಹುದು, ಮೆಕ್ಯಾನಿಕ್ ದಾರಿ ತಪ್ಪುವುದು ಇಲ್ಲಿಯೇ. ಕೆಟ್ಟ ಜಾಯಿಂಟಿನಲ್ಲಿ ಓಮ್‌ನ ನೂರನೆಯ ಒಂದು ಭಾಗದಷ್ಟು ತಡೆ ಇದೆಯೆನ್ನಿ. 5 ಆಂಪಿಯರ್ ಎಳೆಯುವ ದೀಪಕ್ಕೆ ಅಲ್ಲಿ ನಷ್ಟವಾಗುವುದು 0.05 ವೋಲ್ಟ್ ಮಾತ್ರ. 200 ಆಂಪಿಯರ್ ಎಳೆಯುವ ಡೀಸೆಲ್ ಸೆಲ್ಫ್‌ಗೆ 2 ವೋಲ್ಟ್! ಆದ್ದರಿಂದ ಅಳತೆಯನ್ನು ಸೆಲ್ಫ್ ಒತ್ತಿರುವಾಗಲೇ ಮಾಡಬೇಕು. ಗೇರ್ ನ್ಯೂಟ್ರಲ್‌ನಲ್ಲಿರಲಿ, ಹ್ಯಾಂಡ್‌ಬ್ರೇಕ್ ಹಾಕಿರಲಿ, ಎಂಜಿನ್ ನಿಲ್ಲಿಸುವ ಕೇಬಲ್ ಎಳೆದೇ ಇರಲಿ. ಮಲ್ಟಿಮೀಟರನ್ನು ಡಿ.ಸಿ. 20 ವೋಲ್ಟ್‌ಗೆ ಇಟ್ಟು, ಕಪ್ಪು ಕಡ್ಡಿಯನ್ನು ಬ್ಯಾಟರಿಯ ಮೈನಸ್ ಸೀಸದ ಕಂಬಕ್ಕೇ ಹಿಡಿದು (ಕ್ಲ್ಯಾಂಪಿಗಲ್ಲ), ಕೆಂಪು ಕಡ್ಡಿಯನ್ನು ಎಂಜಿನ್ ಬ್ಲಾಕಿನ ಬರಿ ಲೋಹಕ್ಕೆ ಒತ್ತಿ, ಇನ್ನೊಬ್ಬರಿಂದ ಕೀಲಿ ತಿರುಗಿಸಿರಿ. 0.2 ಅಥವಾ 0.3 ವೋಲ್ಟಿನೊಳಗೆ ಬಂದರೆ ಚಿಂತೆಯಿಲ್ಲ; ಅರ್ಧ ವೋಲ್ಟ್ ದಾಟಿದರೆ ಅರ್ಥಿಂಗ್ ಕೆಟ್ಟಿದೆ. ಆಮೇಲೆ ಕಂಬದಿಂದ ಕ್ಲ್ಯಾಂಪಿಗೆ, ಕ್ಲ್ಯಾಂಪಿನಿಂದ ಚಾಸಿಸ್‌ಗೆ, ಚಾಸಿಸ್‌ನಿಂದ ಎಂಜಿನ್ನಿಗೆ ಎಂದು ತುಂಡು ತುಂಡಾಗಿ ಅಳೆದರೆ ವೋಲ್ಟ್ ಎಲ್ಲಿ ಕಾಣುತ್ತದೆಯೋ ದೋಷ ಅಲ್ಲಿದೆ. ಪ್ಲಸ್ ಕಡೆಯ ದಪ್ಪ ತಂತಿಯನ್ನೂ ಹೀಗೆಯೇ ನೋಡಿರಿ. ಎರಡೂ ಸರಿಯಿದ್ದು, ಸೆಲ್ಫ್ ಒತ್ತಿದಾಗಲೂ ಬ್ಯಾಟರಿ 10 ವೋಲ್ಟಿನ ಮೇಲೆಯೇ ನಿಂತು, ಆದರೂ ಎಂಜಿನ್ ತಿರುಗದಿದ್ದರೆ ಮಾತ್ರ ಸೆಲ್ಫ್ ಬಿಚ್ಚಿಸಬೇಕು. ಆಗಲೂ ಹೊಸದಕ್ಕಿಂತ ಮೊದಲು ಅದರೊಳಗಿನ ಬ್ರಷ್ (ಕರೆಂಟ್ ಒಯ್ಯುವ ಕಾರ್ಬನ್ ತುಂಡು) ಮತ್ತು ಬುಷ್ (ತಿರುಗುವ ದಂಡವನ್ನು ಹಿಡಿದಿಡುವ ಬಳೆ) ನೋಡಿಸುವುದು ಮೇಲು.

ರಿಪೇರಿಗೆ ಹೆಚ್ಚು ಖರ್ಚಿಲ್ಲ. ಬ್ಯಾಟರಿಯ ಮೈನಸ್ ತಂತಿಯನ್ನು ಮೊದಲು ಬಿಚ್ಚಿ ಕೊನೆಯಲ್ಲಿ ಜೋಡಿಸಿರಿ. ಬೋಲ್ಟ್ ಕೂರುವ ಜಾಗದ ಬಣ್ಣ, ತುಕ್ಕು ಎರಡನ್ನೂ ಲೋಹ ಹೊಳೆಯುವ ತನಕ ಉಜ್ಜಿ, ಹಲ್ಲಿನ ವಾಷರ್ ಹಾಕಿ ಬಿಗಿದು, ಆನಂತರ ಮೇಲಿನಿಂದ ಗ್ರೀಸ್ ಸವರಿರಿ. ಪಟ್ಟಿ ಹಳತಾಗಿದ್ದರೆ 35 ಚದರ ಮಿ.ಮೀ.ಗಿಂತ ಕಡಿಮೆಯಿಲ್ಲದ ಕೇಬಲ್ಲನ್ನು ಮೈನಸ್ ಕಂಬದಿಂದ ನೇರವಾಗಿ ಎಂಜಿನ್ನಿಗೇ ಎಳೆಸಿರಿ. ಚಾಸಿಸ್‌ಗೆ ಹೋಗುವ ತಂತಿಯೂ ಇರಲಿ.

ಇಂಡಿಕೇಟರ್ ಮತ್ತು ಪಾರ್ಕಿಂಗ್ ದೀಪ ಜೊತೆಗೂಡಿ ಮಿಣುಕುವುದು ಇದೇ ಜಾತಿಯ ಇನ್ನೊಂದು ದೋಷ. ಆ ದೀಪಗಳ ಅರ್ಥಿಂಗ್ ಸ್ಕ್ರೂ ತುಕ್ಕು ಹಿಡಿದಿರುವುದರಿಂದ ಒಂದು ಬಲ್ಬಿನ ಕರೆಂಟ್ ಇನ್ನೊಂದರ ತಂತುವಿನ ಮೂಲಕ ಹಿಂದಿರುಗುತ್ತಿದೆ. ಹೆಡ್‌ಲೈಟಿಗೆ ವೋಲ್ಟೇಜ್ ಹತ್ತರಲ್ಲಿ ಒಂದು ಪಾಲು ಇಳಿದರೂ ಬೆಳಕು ಸುಮಾರು 30 ಶೇಕಡಾ ಕುಗ್ಗುತ್ತದೆ. ಅರ್ಥಿಂಗ್ ಸರಿಪಡಿಸಿದ ಮೇಲೂ ಮಂದವಿದ್ದರೆ ಡ್ಯಾಶ್‌ಬೋರ್ಡಿನ ಹಳೆಯ ಸ್ವಿಚ್ಚಿನ ಮೇಲಿನ ಹೊರೆ ತಪ್ಪಿಸಲು ಫ್ಯೂಸ್ ಸಹಿತ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಆನ್ ಮಾಡುವ ಸ್ವಿಚ್ಚು) ಹಾಕಿಸಿರಿ.

ಪ್ರಶ್ನೆ: ನನ್ನ ಜೀಪನ್ನು ಒಂದು ವಾರ ನಿಲ್ಲಿಸಿದರೆ ಬ್ಯಾಟರಿ ಇಳಿದುಹೋಗುತ್ತದೆ. ಓಡಿಸುವಾಗ ಚಾರ್ಜಿಂಗ್ 14 ವೋಲ್ಟ್ ತೋರಿಸುತ್ತದೆ.
– ಓದುಗರೊಬ್ಬರು, ಹಾನಗಲ್ಲ

ಉತ್ತರ: ಬ್ಯಾಟರಿ ಹಳತಲ್ಲದಿದ್ದರೆ, ನಿಂತ ಗಾಡಿಯಲ್ಲಿ ಎಲ್ಲೋ ಕರೆಂಟ್ ಸೋರುತ್ತಿದೆ. ಕೀಲಿ ತೆಗೆದು, ಮೈನಸ್ ತಂತಿ ಬಿಚ್ಚಿ, ಕಂಬಕ್ಕೂ ತಂತಿಗೂ ನಡುವೆ ಮೀಟರನ್ನು 10 ಆಂಪಿಯರ್ ಸ್ಥಾನದಲ್ಲಿ ಸೇರಿಸಿರಿ. ಎಲೆಕ್ಟ್ರಾನಿಕ್ ಉಪಕರಣಗಳಿಲ್ಲದ ಹಳೆಯ ಜೀಪಿನಲ್ಲಿ ಮೀಟರ್ ಬಹುತೇಕ ಸೊನ್ನೆ ತೋರಿಸಬೇಕು. ಹಾಗಿಲ್ಲದಿದ್ದರೆ ಫ್ಯೂಸುಗಳನ್ನು ಒಂದೊಂದಾಗಿ ಕಿತ್ತು ನೋಡಿರಿ. ಹೊರಗಿನಿಂದ ಹಾಕಿಸಿದ ಮ್ಯೂಸಿಕ್ ಸಿಸ್ಟಮ್ ಇದ್ದರೆ ಅದರ ಮೇಲೆ ನನಗೆ ಮೊದಲ ಅನುಮಾನ. ಯಾವ ಫ್ಯೂಸ್ ಕಿತ್ತರೂ ಸೋರಿಕೆ ನಿಲ್ಲದಿದ್ದರೆ ಮೈನಸ್ ತಂತಿ ಬಿಚ್ಚಿಯೇ ಇರುವಾಗ ಆಲ್ಟರ್ನೇಟರಿನ (ಬ್ಯಾಟರಿ ಚಾರ್ಜ್ ಮಾಡುವ ಯಂತ್ರ) ದಪ್ಪ ತಂತಿ ಕಳಚಿ ಮತ್ತೆ ಅಳೆಯಿರಿ. ಆಗ ನಿಂತರೆ ಅದರೊಳಗಿನ ಡಯೋಡ್ (ಕರೆಂಟನ್ನು ಒಂದೇ ದಿಕ್ಕಿಗೆ ಬಿಡುವ ಭಾಗ) ಕೆಟ್ಟಿದೆ. ಚಾರ್ಜಿಂಗ್ ಸರಿಯಿದ್ದರೂ ಹೀಗಾಗಬಹುದು. ಮೀಟರ್ ನಡುವೆ ಇರುವಾಗ ಮರೆತೂ ಸೆಲ್ಫ್ ಒತ್ತಬೇಡಿರಿ, ಮೀಟರಿನ ಫ್ಯೂಸ್ ಆ ಕ್ಷಣವೇ ಸುಟ್ಟುಹೋಗುತ್ತದೆ.